ಕರಿಯ ಕಾರ್ಗೋದಲ್ಲಿ, ಚಿನ್ನಿ ಕಾಲ ಬುಡದಲ್ಲಿ: ಮುಂಬೈಯಿಂದ ಇಂಗ್ಲೆಂಡಿಗೆ ಎರಡು ದಾರಿ

ಬ್ರಿಟನ್ ಒಂದು ದ್ವೀಪ ಅಂತ ಶಾಲೆಯಲ್ಲಿ ಓದಿದ್ದೆ. ಅದು ನಿಜವಾಗಿ ಮನಸ್ಸಿಗೆ ಬಂದದ್ದು ಮನೆಯ ನಾಯಿಯನ್ನು ಅಲ್ಲಿಗೆ ಕಳಿಸಲು ಹೊರಟಾಗ. ಬ್ರಿಟನ್‌ಗೆ ಹೋಗುವ ವಿಮಾನದಲ್ಲಿ ಸಾಕುಪ್ರಾಣಿಯನ್ನು ನಮ್ಮ ಜೊತೆ ಸೀಟಿನ ಕೆಳಗೆ ಇಟ್ಟುಕೊಳ್ಳುವ ಹಾಗಿಲ್ಲ, ಲಗೇಜ್ ಅಂತಲೂ ಹಾಕುವ ಹಾಗಿಲ್ಲ. ಕಾರ್ಗೋ ಬುಕ್ ಮಾಡಿಯೇ ಕಳಿಸಬೇಕು. ಅಂಧರಿಗೆ ದಾರಿ ತೋರಿಸುವಂಥ ನಾಯಿಗಳಿಗೆ ಮಾತ್ರ ವಿನಾಯಿತಿ. ಆದರೆ ಆಮ್‌ಸ್ಟರ್‌ಡ್ಯಾಮ್‌ವರೆಗೆ ಈ ಕಟ್ಟುನಿಟ್ಟು ಇಲ್ಲ. ಅಲ್ಲಿ ಇಳಿದು ಹಡಗು ಹತ್ತಿದರೆ ಪ್ರಾಣಿ ನಮ್ಮ ಜೊತೆಯಲ್ಲೇ ದಾಟುತ್ತದೆ.

ನಾವು ಎರಡೂ ದಾರಿ ನೋಡಿದ್ದೇವೆ. ಡೊಂಬಿವಿಲಿ ಸ್ಟೇಷನ್ ಹತ್ತಿರ ಮಳೆಯಲ್ಲಿ ಸಿಕ್ಕಿದ ಕರಿಯ ಈಗ 18 ಕೆಜಿಯ ನಾಟಿ ನಾಯಿ. ನಮ್ಮವರಿಗೆ ಇಂಗ್ಲೆಂಡಿನ ಕೋಲ್ಚೆಸ್ಟರ್‌ನಲ್ಲಿ ಕೆಲಸ ಸಿಕ್ಕಿ 2023ರ ಫೆಬ್ರವರಿಯಲ್ಲಿ ಹೊರಟಾಗ, ಕರಿಯನೂ ಅದೇ ರಾತ್ರಿ ಕಾರ್ಗೋದಲ್ಲಿ ಹೋದ. ಮಗಳ ಹತ್ತನೇ ಕ್ಲಾಸ್ ಪರೀಕ್ಷೆಗೋಸ್ಕರ ನಾನು ಇಲ್ಲೇ ಉಳಿದೆ. ಪರೀಕ್ಷೆ ಮುಗಿಸಿ 2023ರ ಮೇನಲ್ಲಿ ನಾನು, ಮಗಳು, ನಮ್ಮ ಬೆಕ್ಕು ಚಿನ್ನಿ ಮೂವರೂ ಆಮ್‌ಸ್ಟರ್‌ಡ್ಯಾಮ್ ಮೇಲೆ ಹೋದೆವು. ಈ ಸಲ ರಜೆಗೆ ಬಂದಾಗ ಮಾಟುಂಗಾದಲ್ಲಿ ಸಿಕ್ಕಿದ ಇಬ್ಬರು ಇದನ್ನೇ ಕೇಳಿದರು, ಯಾವ ದಾರಿ ವಾಸಿ ಅಂತ.

ಮೊದಲು ಕಾಗದಪತ್ರ. ಇದರಲ್ಲಿ ಎರಡು ದಾರಿಗೂ ಹೆಚ್ಚು ವ್ಯತ್ಯಾಸ ಇಲ್ಲ, ಆದರೆ ಎಡವುವುದು ಇಲ್ಲೇ. ರೇಬೀಸ್ ವಿಷಯದಲ್ಲಿ ಬ್ರಿಟನ್ ಮತ್ತು ಯುರೋಪ್ ಎರಡೂ ಭಾರತವನ್ನು ಸುರಕ್ಷಿತ ದೇಶಗಳ ಪಟ್ಟಿಯಲ್ಲಿ ಇಟ್ಟಿಲ್ಲ. ಹಾಗಾಗಿ ಮೊದಲು ಚರ್ಮದ ಕೆಳಗೆ ಹಾಕುವ, 15 ಅಂಕಿಯ ಗುರುತಿನ ಮೈಕ್ರೋಚಿಪ್. ಆಮೇಲೆ ರೇಬೀಸ್ ಲಸಿಕೆ. ಲಸಿಕೆ ಆಗಿ 30 ದಿನ ಕಳೆದ ಮೇಲೆ ರಕ್ತ ತೆಗೆದು, ಒಪ್ಪಿಗೆ ಇರುವ ಲ್ಯಾಬ್‌ಗೆ ಕಳಿಸಬೇಕು. ಲಸಿಕೆ ಹಿಡಿದಿದೆ ಅಂತ ತೋರಿಸುವ ಆ್ಯಂಟಿಬಾಡಿ ಒಂದು ಮಿಲಿಲೀಟರ್‌ಗೆ 0.5 ಯೂನಿಟ್ ಅಥವಾ ಜಾಸ್ತಿ ಬರಬೇಕು. ರಕ್ತ ತೆಗೆದ ದಿನದಿಂದ ಮತ್ತೆ ಮೂರು ತಿಂಗಳು ಕಾಯಬೇಕು. ಕೂಡಿಸಿದರೆ ಕಡಿಮೆ ಅಂದರೂ ನಾಲ್ಕು ತಿಂಗಳು.

ಈ ಕ್ರಮ ತಪ್ಪಿದರೆ ಲಸಿಕೆ ಲೆಕ್ಕಕ್ಕೇ ಬರುವುದಿಲ್ಲ. ಕರಿಯನಿಗೆ ಆದದ್ದು ಅದೇ. ನಾವು ಹೋಗುತ್ತಿದ್ದ ಡಾಕ್ಟರ್ ಮೊದಲು ಲಸಿಕೆ ಹಾಕಿ, ಎರಡು ವಾರ ಬಿಟ್ಟು ಚಿಪ್ ಹಾಕಿದರು. ವಿದೇಶಕ್ಕೆ ಕಳಿಸುವುದು ಅಂತ ನಾನು ಮೊದಲೇ ಹೇಳಿದ್ದೆ. ಪ್ರಾಣಿ ಕಳಿಸಿಕೊಡುವ ಏಜೆಂಟ್ ತಾರೀಖು ನೋಡಿ ತಲೆ ಅಲ್ಲಾಡಿಸಿದರು. ಮತ್ತೆ ಲಸಿಕೆ, ಮತ್ತೆ 30 ದಿನ. ನಮ್ಮವರ ಟಿಕೆಟ್ ಮುಂದೆ ಹಾಕಬೇಕಾಯಿತು. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ನೀವು ಚಿಪ್ ಹಾಕಿಸಿದ ದಿನವೇ ಆ 15 ಅಂಕಿ ಲಸಿಕೆ ಪುಸ್ತಕದಲ್ಲಿ ಬರೆಸಿಕೊಳ್ಳಿ. ಬರೆದದ್ದನ್ನು ಅಂಕಿ ಅಂಕಿಯಾಗಿ ಓದಿ ನೋಡಿ.

ಹೊರಡುವ ವಾರ ಸರ್ಕಾರದ ಅನಿಮಲ್ ಕ್ವಾರಂಟೈನ್ ಆಫೀಸಿನ ಪತ್ರ ಬೇಕು. ಮುಂಬೈಯಲ್ಲೇ ಆಫೀಸ್ ಇರುವುದು ನಮ್ಮ ಭಾಗ್ಯ. ನಾಯಿಗೆ ಇನ್ನೊಂದು ಕೆಲಸ ಇದೆ. ಬ್ರಿಟನ್ ಮುಟ್ಟುವ 24 ಗಂಟೆಯಿಂದ 120 ಗಂಟೆ ಮೊದಲು ಲಾಡಿಹುಳದ ಮಾತ್ರೆ ಕೊಟ್ಟು, ಡಾಕ್ಟರ್ ಅದರ ತಾರೀಖು ಮತ್ತು ಸಮಯ ಬರೆಯಬೇಕು. ಬೆಕ್ಕಿಗೆ ಇದು ಬೇಡ. ಚಿನ್ನಿಗೆ ಜಾಸ್ತಿ ಆದದ್ದು ಒಂದೇ, ಆರೋಗ್ಯ ಪತ್ರ ಎರಡು ಮಾಡಿಸಿದೆವು: ಯುರೋಪಿಗೊಂದು, ಬ್ರಿಟನ್‌ಗೊಂದು.

ಕಾಗದ ಬಿಟ್ಟರೆ ಮುಂದಿನದೆಲ್ಲ ಬೇರೆ ಬೇರೆ.

ಕಾರ್ಗೋದಲ್ಲಿ ಎಲ್ಲವೂ ಕ್ರೇಟ್, ಅಂದರೆ ನಾಯಿಯನ್ನು ಇಡುವ ಪೆಟ್ಟಿಗೆಯ ಮೇಲೆ ನಿಂತಿದೆ. ನಾಯಿ ಒಳಗೆ ತಲೆ ತಗಲದ ಹಾಗೆ ನಿಲ್ಲಬೇಕು, ಸುತ್ತು ತಿರುಗಬೇಕು, ಕಾಲು ಚಾಚಿ ಮಲಗಬೇಕು. ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಅಳೆದು, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧ ಅದಕ್ಕೆ ಕೂಡಿಸಿದರೆ ಕ್ರೇಟಿನ ಉದ್ದ. ನಾನು ಬ್ಲೌಸ್ ಅಳೆಯುವ ಟೇಪ್ ಹಿಡಿದು ಕೂತರೆ ಕರಿಯ ಅದನ್ನು ನೆಕ್ಕುತ್ತಿದ್ದ. ಅಂಗಡಿಯಿಂದ ಮೊದಲು ತಂದ ಕ್ರೇಟ್ ನಾಲ್ಕು ಬೆರಳು ಚಿಕ್ಕದಿತ್ತು, ಅದಕ್ಕೆ ಪ್ಲಾಸ್ಟಿಕ್ ಕ್ಲಿಪ್ ಬೇರೆ. ಏಜೆಂಟ್ ಒಪ್ಪಲಿಲ್ಲ, ಕಬ್ಬಿಣದ ಬೋಲ್ಟ್ ಇರುವ ದೊಡ್ಡದು ತಂದೆವು. ಆರು ವಾರ ಅವನ ಊಟ ಅದರೊಳಗೇ. ಕೊನೆಗೆ ಮಧ್ಯಾಹ್ನದ ನಿದ್ದೆಗೂ ತಾನಾಗಿ ಹೋಗಿ ಮಲಗುತ್ತಿದ್ದ. ನಿದ್ದೆ ಮಾತ್ರೆ ಕೊಡಿಸಿ ಅಂತ ಕೆಲವರು ಹೇಳಿದರು. ಡಾಕ್ಟರ್ ಬೇಡವೇ ಬೇಡ ಅಂದರು, ಎತ್ತರದಲ್ಲಿ ಉಸಿರಾಟಕ್ಕೆ ಅಪಾಯ.

ಆ ರಾತ್ರಿ ಮುಂಬೈ ಏರ್‌ಪೋರ್ಟಿನ ಸಹಾರ್ ಕಾರ್ಗೋ ಕಾಂಪ್ಲೆಕ್ಸ್‌ನಲ್ಲಿ ವಿಮಾನಕ್ಕೆ ಆರು ಗಂಟೆ ಮೊದಲೇ ಅವನನ್ನು ಒಪ್ಪಿಸಬೇಕಾಯಿತು. ಕ್ರೇಟ್ ಪರೀಕ್ಷೆಗೆ ಹೋದಾಗ ಅವನ ಬೆಲ್ಟ್ ನನ್ನ ಕೈಯಲ್ಲಿತ್ತು. ಲಾರಿಗಳ ಸದ್ದಿಗೆ ಅವನು ನನ್ನ ಕಾಲಿಗೆ ಒತ್ತಿಕೊಂಡು ನಿಂತ. ನಮ್ಮವರ ಹಳೇ ಲುಂಗಿ ಒಳಗೆ ಹಾಸಿ, ಬಾಗಿಲು ಹಾಕಿದೆ. ಅವನು ಬೊಗಳಲಿಲ್ಲ, ಸುಮ್ನೆ ಜಾಲರಿಗೆ ಮೂಗು ಒತ್ತಿ ನೋಡುತ್ತಾ ಇದ್ದ. ಅಲ್ಲಿಂದ ಲಂಡನ್ನಿನ ಹೀಥ್ರೂ ಅನಿಮಲ್ ರಿಸೆಪ್ಷನ್ ಸೆಂಟರ್‌ನಲ್ಲಿ ನಮ್ಮವರ ಕೈಸೇರುವವರೆಗೆ, ಕಾಯುವುದೆಲ್ಲ ಸೇರಿ, ಹತ್ತಿರ ಹತ್ತಿರ 22 ಗಂಟೆ. ಅಷ್ಟು ಹೊತ್ತು ಪರಿಚಯದ ಒಂದು ದನಿಯೂ ಅವನ ಕಿವಿಗೆ ಬೀಳಲಿಲ್ಲ. ಲುಂಗಿ ಒದ್ದೆಯಾಗಿತ್ತು, ನೀರಿನ ಬಟ್ಟಲು ಖಾಲಿ. ಮೈಗೆ ಏನೂ ಆಗಿರಲಿಲ್ಲ. ಮೂರು ದಿನ ನಮ್ಮವರು ಬಾತ್‌ರೂಮಿಗೆ ಹೋದರೂ ಬಾಗಿಲಲ್ಲಿ ಕಾಯುತ್ತಿದ್ದನಂತೆ.

ಖರ್ಚು? ಏಜೆಂಟ್, ಕ್ರೇಟ್, ಕಾರ್ಗೋ, ಹೀಥ್ರೂ ಶುಲ್ಕ ಎಲ್ಲ ಸೇರಿ ನಮ್ಮವರ ಟಿಕೆಟ್‌ನ ಮೂರು ಪಟ್ಟು ದಾಟಿತು. ಮನೆ ಬದಲಿಸಿ ಬರುವವರಿಗೆ ಬ್ರಿಟನ್ ಸರ್ಕಾರ ಕೊಡುವ ತೆರಿಗೆ ವಿನಾಯಿತಿಗೆ ಮೊದಲೇ ಅರ್ಜಿ ಹಾಕಿದ್ದೆವು, ಇಲ್ಲದಿದ್ದರೆ ಅದೂ ಸೇರುತ್ತಿತ್ತು. ಇನ್ನೊಂದು ವಿಷಯ: ಪ್ರಾಣಿ ಹೋಗುವ ದಿನಕ್ಕೂ ಯಜಮಾನ ಹೋಗುವ ದಿನಕ್ಕೂ ಐದು ದಿನಕ್ಕಿಂತ ಜಾಸ್ತಿ ಅಂತರ ಇರಬಾರದು. ಮೀರಿದರೆ ವ್ಯಾಪಾರದ ಪ್ರಾಣಿಗಳ ನಿಯಮ ಹಿಡಿಯುತ್ತದೆ.

ಚಿನ್ನಿಯ ದಾರಿಯಲ್ಲಿ ಮೊದಲ ಪ್ರಶ್ನೆ ತೂಕ. ಕೆ.ಎಲ್.ಎಮ್., ಏರ್ ಫ್ರಾನ್ಸ್, ಲುಫ್ತಾನ್ಸಾ, ಈ ಮೂರು ವಿಮಾನ ಕಂಪನಿಗಳಲ್ಲೂ ಕ್ಯಾಬಿನ್‌ಗೆ, ಪ್ರಾಣಿ ಇಡುವ ಚೀಲ ಸೇರಿ 8 ಕೆಜಿ ಮಿತಿ. ಕೆಳಗಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಚೀಲದ ಸಮೇತ ಇಟ್ಟಾಗ 5 ಕೆಜಿ 700 ಗ್ರಾಂ. ನೆಮ್ಮದಿ. ವಿಮಾನಕ್ಕೆ ಇಷ್ಟೇ ಪ್ರಾಣಿ ಅಂತ ಲೆಕ್ಕ ಇರುವುದರಿಂದ, ಟಿಕೆಟ್ ಜೊತೆಗೇ ಅವಳ ಜಾಗವೂ ಖಾತ್ರಿ ಮಾಡಿಸಿದೆ. ಮುಂಬೈ ಟರ್ಮಿನಲ್ 2ರಲ್ಲಿ ಚೀಲ ಎಕ್ಸ್‌ರೇಗೆ ಹೋಯಿತು, ಚಿನ್ನಿ ನನ್ನ ಎದೆಗೆ ಬಂದಳು. ಉಗುರು ಕುರ್ತಾ ದಾಟಿ ಚರ್ಮಕ್ಕೆ ಇಳಿದಿತ್ತು. ಹಾರ್ನೆಸ್ ಹಾಕಿರದಿದ್ದರೆ ಅಲ್ಲೇ ಜಿಗಿದು ಓಡುತ್ತಿದ್ದಳು. ತಪಾಸಣೆಯ ಹುಡುಗಿ ಪರದೆ ಎಳೆದು "ಆರಾಮ್ ಸೆ, ಆಂಟಿ" ಅಂದಳು. ಆ ಒಂದು ಮಾತಿಗೆ ನನ್ನ ಕೈ ನಡುಗುವುದು ನಿಂತಿತು.

ಸುಮಾರು ಒಂಬತ್ತು ಗಂಟೆ ಅವಳು ನನ್ನ ಕಾಲ ಬುಡದಲ್ಲಿ. ಜಾಲರಿಯೊಳಗೆ ಬೆರಳು ಇಟ್ಟರೆ ಮೂಸಿ ಮತ್ತೆ ಮಲಗುವಳು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಸ್ಟಮ್ಸ್‌ನ ಕೆಂಪು ದಾರಿಯಲ್ಲಿ ಹೋಗಿ ಕಾಗದ ತೋರಿಸಿದೆವು. ರೈಲಿನಲ್ಲಿ ರೋಟರ್‌ಡ್ಯಾಮ್, ಅಲ್ಲಿಂದ ಮೆಟ್ರೋದಲ್ಲಿ ಹುಕ್ ಆಫ್ ಹಾಲೆಂಡ್ ಬಂದರು. ಸ್ಟೆನಾ ಲೈನ್ ಹಡಗಿನಲ್ಲಿ ಕಾರಿಲ್ಲದೆ ನಡೆದು ಬರುವವರೂ ಪ್ರಾಣಿ ತರಬಹುದು, ಅವುಗಳಿಗೆಂದೇ ಬೇರೆ ಕ್ಯಾಬಿನ್ ಇದೆ. ಅದನ್ನು ತಿಂಗಳುಗಟ್ಟಲೆ ಮೊದಲೇ ಹಿಡಿದಿಡಿ. ಬಾಗಿಲು ಹಾಕಿ ಚೀಲ ತೆಗೆದದ್ದೇ ಚಿನ್ನಿ ಮೈಮುರಿದು, ಮಗಳ ಹೊಟ್ಟೆಯ ಮೇಲೆ ಮಲಗಿಬಿಟ್ಟಳು. ಬೆಳಗ್ಗೆ ಇಂಗ್ಲೆಂಡಿನ ಹಾರ್ವಿಚ್ ಬಂದರು. ಅಲ್ಲಿಂದ ನಮ್ಮ ಮನೆ ಹತ್ತಿರ.

ಪ್ರಾಣಿಗೆ ಕಮ್ಮಿ ಖರ್ಚು, ನಮಗೆ ಜಾಸ್ತಿ ಓಡಾಟ. ಬ್ರಿಟನ್ ವೀಸಾ ಜೊತೆ ಯುರೋಪಿನ ಶೆಂಗೆನ್ ವೀಸಾ ಕೂಡ ಬೇಕು, ನಮ್ಮ ಪಾಸ್‌ಪೋರ್ಟ್‌ಗೆ ಇದೇ ದೊಡ್ಡ ತೊಡಕು. ಲಗೇಜ್ ಎಳೆದುಕೊಂಡು ಒಬ್ಬರೇ ಆದರೆ ಕಷ್ಟ. ಪ್ಯಾರಿಸ್‌ನಿಂದ ಯೂರೋಸ್ಟಾರ್ ರೈಲಿನಲ್ಲಿ ಬರೋಣ ಅನ್ನುವವರಿಗೆ ಹೇಳಿಬಿಡುತ್ತೇನೆ, ಅದರಲ್ಲಿ ಸಾಕುಪ್ರಾಣಿ ಬಿಡುವುದಿಲ್ಲ.

ಚೀಲ ಸೇರಿ 8 ಕೆಜಿ ಒಳಗಿದ್ದರೆ ನಾನು ಕಣ್ಣು ಮುಚ್ಚಿ ಆಮ್‌ಸ್ಟರ್‌ಡ್ಯಾಮ್ ಅನ್ನುತ್ತೇನೆ. ಕರಿಯನಂಥ ದೊಡ್ಡ ನಾಯಿಯಾದರೆ ನೇರ ಕಾರ್ಗೋನೇ ಸರಿ. ಸುತ್ತಿ ಹೋದರೂ ಅದು ವಿಮಾನದ ಹೊಟ್ಟೆಯಲ್ಲೇ ಇರಬೇಕು, ಮೇಲೆ ರೈಲು, ಹಡಗು ಬೇರೆ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಯನ್ನು ನಾನಂತೂ ಕಾರ್ಗೋದಲ್ಲಿ ಕಳಿಸಲಾರೆ. ಅವಕ್ಕೆ ಉಸಿರಿನ ತೊಂದರೆ ಬೇಗ ಆಗುತ್ತದೆ, ಎಷ್ಟೋ ಕಂಪನಿಗಳು ಒಪ್ಪುವುದೂ ಇಲ್ಲ.

ಚಿನ್ನಿಯ ಚೀಲವನ್ನು ಈ ಸಲ ತೊಳೆದು ತಂದು ಮುಲುಂಡ್‌ನಲ್ಲಿ ಅಕ್ಕನ ಮನೆಯಲ್ಲಿ ಇಟ್ಟಿದ್ದೇನೆ. ಮಾಟುಂಗಾದಲ್ಲಿ ಕೇಳಿದವರ ಬೆಕ್ಕು ಮುಂದಿನ ತಿಂಗಳು ಅದರಲ್ಲೇ ಹೋಗುತ್ತದೆ.