ಬೋರಲು ಡ್ರಮ್ಮಿನ ಅಡುಗೆಮನೆ ಗ್ಯಾಸ್: ಕೊಳ್ಳುವ ಮುನ್ನ

1000 ಲೀಟರ್ ತೊಟ್ಟಿ, ಅದರೊಳಗೆ ಬೋರಲು ಹಾಕಿದ 750 ಲೀಟರ್ ಡ್ರಮ್, ಮುಸುರೆ ಸುರಿಯಲೊಂದು ಪೈಪು, ಬಗ್ಗಡ ಹೊರಬರಲೊಂದು ಪೈಪು. ಮುಸುರೆ ಕೊಳೆಸಿ ಅಡುಗೆಗೆ ಗ್ಯಾಸ್ ಕೊಡುವ, ಹಿತ್ತಲಿಗೆಂದು ಮಾರುವ ಒಂದು ಘನ ಮೀಟರ್ ಬಯೋಗ್ಯಾಸ್ ಘಟಕ ಎಂದರೆ ಇಷ್ಟೇ. ಪ್ಲಾಸ್ಟಿಕ್ ಗಟ್ಟಿಯಾಗಿದೆ, ಜೋಡಣೆ ಅರ್ಧ ದಿನದ ಕೆಲಸ. ತಕರಾರಿರುವುದು ಜೊತೆಗೆ ಕೊಡುವ ಸೂಚನೆಯ ಚೀಟಿಯ ಬಗ್ಗೆ. ಮೊದಲ ವಾರದಿಂದಲೇ ದಿನಕ್ಕೆ 5 ಕಿಲೋ ಮುಸುರೆ ಹಾಕಿ ಎನ್ನುವವರು ಒಳಗಿರುವ ಜೀವಿಗಳನ್ನು ಲೆಕ್ಕಕ್ಕೇ ಹಿಡಿದಿಲ್ಲ.

ಒಳಗೆ ದುಡಿಯುವುದು ಎರಡು ಬಗೆಯ ಪಂಗಡ. ಒಂದು, ಅನ್ನ, ಬೇಳೆ, ಸಿಪ್ಪೆಗಳನ್ನು ಕರಗಿಸಿ ಹುಳಿ ಮಾಡುವ ಬ್ಯಾಕ್ಟೀರಿಯಾ. ಕೆಲವೇ ಗಂಟೆಗಳಲ್ಲಿ ಇಮ್ಮಡಿಯಾಗುತ್ತವೆ. ಇನ್ನೊಂದು, ಆ ಹುಳಿಯನ್ನು ತಿಂದು ಉರಿಯುವ ಗ್ಯಾಸ್ ಆದ ಮಿಥೇನ್ ಬಿಡುವ ಮಿಥನೋಸಾರ್ಸಿನಾ, ಮಿಥನೋಥ್ರಿಕ್ಸ್‌ನಂಥ ಆರ್ಕಿಯಾಗಳು, ಅಂದರೆ ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯೇ ಗುಂಪಿನ ಸೂಕ್ಷ್ಮಜೀವಿಗಳು. ಇವು ಇಮ್ಮಡಿಯಾಗಲು ದಿನಗಳೇ ಬೇಕು. ಈ ಘಟಕ ಕೆಟ್ಟಾಗ ಬಹಳ ಸಲ ಕಾರಣ ಈ ವೇಗದ ಅಂತರವೇ. ಹಬ್ಬದ ಮರುದಿನ ಉಳಿದ ಅನ್ನ, ಪಾಯಸ ಎಲ್ಲ ಒಮ್ಮೆಲೇ ಸುರಿದು ನೋಡಿ: ಗ್ಯಾಸ್ ತುಂಬಿ ಡ್ರಮ್ ಗಂಟಲವರೆಗೆ ಏಳುತ್ತದೆ, ಮನೆಯವರು ಹಿಗ್ಗುತ್ತಾರೆ. ಆದರೆ ಒಲೆಗೆ ಕಡ್ಡಿ ಗೀರಿದರೆ ನೀಲಿ ಜ್ವಾಲೆ ಬರ್ನರ್‌ನಿಂದ ಮೇಲಕ್ಕೆ ಹಾರಿ ಆರಿಹೋಗುತ್ತದೆ. ಡ್ರಮ್ಮಿನಲ್ಲಿರುವುದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್. ಹೊರಬರುವ ಬಗ್ಗಡ ಮೂಗಿಗೆ ಹುಳಿ ಹೊಡೆಯುತ್ತದೆ, ಹುಳಿ ಅಳೆಯುವ ಪಿಎಚ್ ಪಟ್ಟಿ 6.5ಕ್ಕಿಂತ ಕೆಳಗೆ ತೋರಿಸುತ್ತದೆ. ಇರಬೇಕಾದದ್ದು 6.8ರಿಂದ 7.4.

ಹಾಗಾದರೆ ಮುಸುರೆ ಪೂರ್ತಿ ನಿಲ್ಲಿಸಿ. ದಿನಕ್ಕೆ 100 ಗ್ರಾಂ ಅಡುಗೆ ಸೋಡಾ ನೀರಿನಲ್ಲಿ ಕಲಸಿ ಹಾಕಿ, ಎರಡು ಬಕೆಟ್ ತಾಜಾ ಸಗಣಿ ಬಗ್ಗಡ ಕೊಡಿ. ಜ್ವಾಲೆ ನಿಲ್ಲುವವರೆಗೆ ಕಾಯಿರಿ, ಆಮೇಲೆ ಅರ್ಧ ಕಿಲೋದಿಂದ ಮತ್ತೆ ಶುರು ಮಾಡಿ.

ಆರಂಭವೂ ಹೀಗೇ ನಿಧಾನ. 200 ಕಿಲೋ ಹಸಿ ಸಗಣಿಗೆ ಅಷ್ಟೇ ನೀರು ಬೆರೆಸಿ, ಹುಲ್ಲಿನ ಎಳೆ ತೆಗೆದು ಸುರಿಯಬೇಕು. ಚಾಲ್ತಿಯಲ್ಲಿರುವ ಘಟಕದ ಬಗ್ಗಡ ನಾಲ್ಕೈದು ಬಿಂದಿಗೆ ಸಿಕ್ಕರೆ ಹಾಲಿಗೆ ಹೆಪ್ಪು ಹಾಕಿದ ಹಾಗೆ, ಇನ್ನೂ ಬೇಗ ಕೂಡಿಕೊಳ್ಳುತ್ತದೆ. ಆಂಟಿಬಯೋಟಿಕ್ ಚುಚ್ಚಿಸಿಕೊಂಡ ಹಸುವಿನ ಸಗಣಿ ಬೇಡ. ಎರಡು-ಮೂರು ವಾರಕ್ಕೆ ಡ್ರಮ್ ಏಳುತ್ತದೆ. ಮೊದಲೆರಡು ಸಲ ತುಂಬಿದ ಗ್ಯಾಸನ್ನು ಬೆಂಕಿಯಿಲ್ಲದ ಬಯಲಿನಲ್ಲಿ ಬಿಟ್ಟುಬಿಡಿ; ಗಾಳಿ ಬೆರೆತ ಆ ಗ್ಯಾಸ್ ಸಿಡಿಯಬಹುದು. ನಂತರ ದಿನಕ್ಕೆ ಕಾಲು ಕಿಲೋ ಮುಸುರೆ, ನಾಲ್ಕು ವಾರದಲ್ಲಿ 5 ಕಿಲೋಗೆ ಏರಿಕೆ. ಅಷ್ಟರಿಂದ ಸುಮಾರು ಅರ್ಧ ಘನ ಮೀಟರ್ ಗ್ಯಾಸ್, ಅಂದರೆ ಒಂದು ಒಲೆ ಒಂದು ಗಂಟೆ ಉರಿದೀತು. ಸಗಣಿಯಿಂದ ಅಷ್ಟು ಬೇಕೆಂದರೆ 12 ಕಿಲೋಗೂ ಮೇಲೆ ಹಾಕಬೇಕು, ಸಾರವನ್ನು ಹಸು ಮೊದಲೇ ಹೀರಿಕೊಂಡಿರುತ್ತದಲ್ಲ.

ನೀರಿನ ವಿಷಯದಲ್ಲಿ ಜಿಪುಣರಾಗಿ. ದಿನಕ್ಕೆ 20 ಲೀಟರ್ ಒಳಗೆ ಹೋದರೆ ಬಗ್ಗಡ 50 ದಿನ ನಿಲ್ಲುತ್ತದೆ. 100 ಲೀಟರ್ ಸುರಿದರೆ ಹತ್ತೇ ದಿನ, ನಿಧಾನವಾಗಿ ಬೆಳೆಯುವ ಆರ್ಕಿಯಾಗಳು ಕೊಚ್ಚಿಹೋಗುತ್ತವೆ. ಮುಸುರೆ ರುಬ್ಬಲು ಹೊರಬಂದ ತಿಳಿಯನ್ನೇ ಬಳಸುವುದು ಒಳ್ಳೆಯದು. ಪಾತ್ರೆ ತೊಳೆದ ಸೋಪಿನ ನೀರು, ಫಿನಾಯಿಲ್, ನಿಂಬೆ-ಕಿತ್ತಳೆ ಸಿಪ್ಪೆ, ಉಪ್ಪಿನಕಾಯಿ ಬೇಡವೇ ಬೇಡ. ಕೋಳಿ ಗೊಬ್ಬರ ಹೆಚ್ಚಾದರೆ ಅಮೋನಿಯಾ ಏರಿ ಕೆಲಸ ನಿಲ್ಲುತ್ತದೆ. ಅಡಿಕೆ ಸಿಪ್ಪೆ, ತೆಂಗಿನ ನಾರಿನಲ್ಲಿರುವ ಲಿಗ್ನಿನ್ ಎಂಬ ಗಟ್ಟಿ ಮರದಂಶ ಗಾಳಿಯಿಲ್ಲದಲ್ಲಿ ಕರಗದು, ಮೇಲೆ ಕೆನೆಗಟ್ಟಿ ಡ್ರಮ್ಮನ್ನು ಹಿಡಿದಿಡುತ್ತದೆ.

ಘಟಕದ ನಿಜವಾದ ಕೊರತೆ ಎರಡು. ತೊಟ್ಟಿಗೂ ಡ್ರಮ್ಮಿಗೂ ನಡುವಿನ ಸಂದಿಯಿಂದ ಗ್ಯಾಸ್ ಸೋರುತ್ತದೆ, ಅಲ್ಲೇ ಸೊಳ್ಳೆ ಮೊಟ್ಟೆಯಿಡುತ್ತದೆ. ಸಂದಿಗೆ ಬೇರೆ ನೀರು ತುಂಬುವ ವಾಟರ್ ಜಾಕೆಟ್ ಮಾದರಿ ಕೊಂಡರೆ ಗ್ಯಾಸ್ ಸೋರುವುದು ತಪ್ಪುತ್ತದೆ. ಹೆಚ್ಚಿನ ದುಡ್ಡು ದಂಡವಲ್ಲ. ಎರಡನೆಯದು ಚಳಿ. ಒಳಗಿನ ಜೀವಿಗಳಿಗೆ 35 ಡಿಗ್ರಿ ಹಿತ, 20ಕ್ಕಿಂತ ಇಳಿದರೆ ಅರ್ಧ ನಿದ್ದೆ. ಮಲೆನಾಡಿನ ಡಿಸೆಂಬರ್ ರಾತ್ರಿಗೆ ನೆಲದ ಮೇಲಿನ ತೆಳು ತೊಟ್ಟಿ ತಣ್ಣಗಾಗುತ್ತದೆ. ಸುತ್ತ ಹುಲ್ಲು ಕಟ್ಟಿ, ಚಳಿಗಾಲದಲ್ಲಿ ಮುಸುರೆ ಅರ್ಧಕ್ಕಿಳಿಸಿ. ನಾಲ್ಕು ಹಸುಗಳಿದ್ದು ದಿನಕ್ಕೆ 50 ಕಿಲೋ ಸಗಣಿ ಸಿಗುವ ಮನೆಯಾದರೆ ಇದನ್ನು ಕೊಳ್ಳಲೇಬೇಡಿ; 1984ರಲ್ಲಿ ಬಂದ ದೀನಬಂಧು ಮಾದರಿಯ 2 ಘನ ಮೀಟರ್ ಗುಮ್ಮಟ ಕಟ್ಟಿಸಿ, ನೆಲದೊಳಗೆ ಬೆಚ್ಚಗಿರುತ್ತದೆ.

ಗ್ಯಾಸ್ ಪೈಪಿನ ತಗ್ಗಿನಲ್ಲಿ ನೀರು ಬಸಿಯಲು T ಆಕಾರದ ಒಂದು ಜೋಡಣೆ (ಟೀ) ಹಾಕಲು ಘಟಕ ಕೂರಿಸುವವರಿಗೆ ಹೇಳಿ. ಜೊತೆಗೆ ಒಂದು ಬಾಟಲಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಚೂರು ತುಂಬಿಸಿ ಗ್ಯಾಸ್ ಅದರೊಳಗಿಂದ ಹಾಯಲಿ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅಲ್ಲೇ ಉಳಿದರೆ ಬರ್ನರ್ ಬೇಗ ಸವೆಯುವುದಿಲ್ಲ.