ಇಸ್ತಾಂಬುಲ್‌ನ ಕಾಫಿಪುಡಿ, ನಮ್ಮ ಕುರ್ಮಾ

ಇಸ್ತಾಂಬುಲ್‌ನ ಮಸಾಲೆ ಬಜಾರಿನ ಪಕ್ಕದ ಗಲ್ಲಿಗೆ ತಿರುಗಿದರೆ ಅಂಗಡಿ ಕಾಣುವ ಮೊದಲೇ ಘಮ ಬಂದುಬಿಡುತ್ತದೆ. ಕುರುಕಹ್ವೆಜಿ ಮೆಹ್ಮೆತ್ ಎಫೆಂದಿ ಅಂಗಡಿ ಅದು. 1871ರಲ್ಲಿ ಅಪ್ಪನ ಅಂಗಡಿ ವಹಿಸಿಕೊಂಡ ಮೆಹ್ಮೆತ್, ಹಸಿ ಬೀಜದ ಬದಲು ಹುರಿದು ಪುಡಿ ಮಾಡಿ ಮಾರತೊಡಗಿದರು. ಅದಕ್ಕೂ ಮೊದಲು ಜನ ಮನೆಯಲ್ಲೇ ಹುರಿದುಕೊಳ್ಳುತ್ತಿದ್ದರು, ಸಕಲೇಶಪುರದ ನಮ್ಮಜ್ಜಿಯ ಹಾಗೆ.

ನಾನು ತಗೊಂಡಿದ್ದು 100 ಗ್ರಾಂ. ಕೈಗೆ ಕೊಟ್ಟಾಗ ಪೊಟ್ಟಣ ಇನ್ನೂ ಬೆಚ್ಚಗಿತ್ತು. ಪುಡಿ ಮೈದಾದಷ್ಟು ನಯ. ದಯವಿಟ್ಟು ಫಿಲ್ಟರ್‌ಗೆ ಹಾಕಬೇಡಿ, ಡಿಕಾಕ್ಷನ್ ಇಳಿಯೋದೇ ಇಲ್ಲ. ಜೆಜ್ವೆ ಅನ್ನೋ ಉದ್ದ ಹಿಡಿಯ ಪುಟ್ಟ ಪಾತ್ರೆಯಲ್ಲಿ ಒಂದು ಬಟ್ಟಲು ತಣ್ಣೀರು, ಎರಡು ಚಿಕ್ಕ ಚಮಚ ಪುಡಿ, ಬೇಕಿದ್ದರೆ ಸಕ್ಕರೆ, ಎಲ್ಲ ಮೊದಲೇ ಹಾಕಿ ಸಣ್ಣ ಉರಿಯಲ್ಲಿಡಿ. ನೊರೆ ಉಬ್ಬಿದ ಕೂಡಲೇ ಕಾಫಿಯನ್ನು ಬಟ್ಟಲಿಗೆ ಸುರಿದುಕೊಳ್ಳಿ. ಚಿಕೋರಿ ಇಲ್ಲ, ಹಾಲಿಲ್ಲ. ಆದರೂ ಕಹಿ ಗಂಟಲಲ್ಲಿ ನಿಲ್ಲಲಿಲ್ಲ.

ಹುರಿದ ಕಾಫಿಗೆ ಅವರು ‘ಕವ್ರುಲ್ಮುಷ್ ಕಹ್ವೆ’ ಅಂತಾರೆ. ‘ಕವುರ್ಮಕ್’ ಅಂದರೆ ಹುರಿಯುವುದು. ಈ ಮಾತಿನ ಮೂಲ ರೂಪ ‘ಕಗುರ್-’ ಇದ್ದಿರಬೇಕು ಅಂತ ಭಾಷಾತಜ್ಞರು ಕಟ್ಟಿಕೊಟ್ಟಿದ್ದಾರೆ. 1070ರ ದಶಕದಲ್ಲಿ ಮಹ್ಮೂದ್ ಕಾಶ್ಗರಿ ಬರೆದ ತುರ್ಕಿ ನಿಘಂಟಿನಲ್ಲಿ ಅದೇ ಧಾತುವಿನಿಂದ ಬಂದ ಪದ ಹುರಿದ ಗೋಧಿಗಿದೆ. ಅನಟೋಲಿಯಾದಲ್ಲಿ ಇವತ್ತಿಗೂ ಹುರಿದ ಗೋಧಿಗೆ ‘ಕವುರ್ಗ’ ಅಂತಲೇ ಹೆಸರು. ಮಾಂಸವನ್ನು ಅದರದೇ ಕೊಬ್ಬಿನಲ್ಲಿ ಹುರಿದು ಇಟ್ಟುಕೊಂಡರೆ ‘ಕವುರ್ಮ’. ತುರ್ಕ್‌ಮೆನ್ನರಿಗೆ ‘ಗೊವುರ್ಮ’, ಕಝಕ್ಕರಲ್ಲಿ ಹುರಿದ ಮಾಂಸದ ಅಡುಗೆಗೆ ‘ಕುಯ್ರ್ದಕ್’. ಇರಾನಿಗೆ ಹೋದಾಗ ‘ಗೊರ್ಮೆ’ ಆಯಿತು. ಉರ್ದುವಿನ ‘ಕೋರ್ಮಾ’ ದಾಟಿ ನಮ್ಮ ಹೋಟೆಲಿಗೆ ಬಂದು ಪರೋಟದ ಜೊತೆ ಕೂತ ಕುರ್ಮಾ ಅದೇ ಅಲ್ವಾ! ಗಸಗಸೆ, ತೆಂಗಿನಕಾಯಿ ರುಬ್ಬಿದ ತರಕಾರಿ ಕುರ್ಮಾದಲ್ಲಿ ಹುರಿಯೋದು ಬರೀ ಈರುಳ್ಳಿ, ಮಸಾಲೆಗೆ ಉಳಿದಿದೆ. ಹೆಸರು ಮಾತ್ರ ಪೂರ್ತಿ ಹುರಿದದ್ದೇ. (ನಮ್ಮ ‘ಹುರಿ’ಗೂ ‘ಕವುರ್’ಗೂ ನಂಟಿಲ್ಲ. ಹಳಗನ್ನಡದಲ್ಲಿ ಅದು ‘ಪುರಿ’.)

ಅಲ್ಲಿಗೆ ಹೋಗುವವರಿದ್ದರೆ 250 ಗ್ರಾಂ ತನ್ನಿ. ಬಟ್ಟಲಿಗೆ ಆರು ಗ್ರಾಂ ಲೆಕ್ಕದಲ್ಲಿ ನನ್ನ ಪೊಟ್ಟಣ ಹದಿನಾರು ಬಟ್ಟಲಿಗೇ ಖಾಲಿ. ಗಾಜಿನ ಡಬ್ಬಿಯಲ್ಲಿ ಗಟ್ಟಿಯಾಗಿ ಮುಚ್ಚಿಡಿ, ಘಮ ಬೇಗ ಹೋಗುತ್ತದೆ.