ಜಾಮ್ ಆದ ಸೈಕಲ್ ಸ್ಟೆಮ್‌ಗೆ ಪೈಪ್ ಹಾಕಿ ತಿರುಗಿಸಲು ಬಿಡಬೇಡಿ

ಮಗಳು ಈ ವರ್ಷ ನನ್ನಷ್ಟೇ ಎತ್ತರ ಆಗಿದ್ದಾಳೆ. ಕೊಟ್ಟಿಗೆಯಲ್ಲಿದ್ದ ನನ್ನ ಹಳೇ ಗೇರ್ ಸೈಕಲ್ಲಿನ ಹ್ಯಾಂಡಲ್ ಎರಡು ಇಂಚು ಮೇಲೆತ್ತಿದರೆ ಅವಳಿಗೆ ಸಾಕಿತ್ತು. ಹತ್ತು ನಿಮಿಷದ ಕೆಲಸ ಅಲ್ವಾ ಅಂದುಕೊಂಡೆ. ಮುಂದಿನ ಚಕ್ರ ಹಿಡಿದಿರುವ ಫೋರ್ಕೇ ಹೋಯಿತು.

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ. ಮಳೆಗಾಲ ಬಂತೆಂದರೆ ಇಲ್ಲಿ ಚಪ್ಪಲಿ, ಬೆಲ್ಟು, ಟ್ರಂಕಿನೊಳಗಿನ ಬಟ್ಟೆ ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ಅಂಥಾ ಆರು ಮಳೆಗಾಲ ಈ ಸೈಕಲ್ ಹೆಂಚಿನ ಸೂರಿನ ಅಂಚಿಗೆ ನಿಂತಿತ್ತು.

ಇದು ಹಳೇ ಮಾದರಿ. ಅಂದರೆ ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಫೋರ್ಕಿನ ಪೈಪಿನೊಳಗೆ ಇಳಿದಿರುತ್ತದೆ. ಉದ್ದ ಬೋಲ್ಟು ಬಿಗಿ ಮಾಡಿದಾಗ ಕೆಳಗಿನ ಬೆಣೆ ಮೇಲಕ್ಕೆ ಬಂದು ಕಚ್ಚಿಕೊಳ್ಳುತ್ತದೆ. ಬಿಚ್ಚುವಾಗ ಬೋಲ್ಟನ್ನು ಮೂರ್ನಾಲ್ಕು ಸುತ್ತು ಸಡಿಲಿಸಿ, ಅದರ ತಲೆ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಒಂದೇಟು ಕೊಡಬೇಕು. ಕೊಟ್ಟೆ. ಟಕ್ ಅಂತ ಬೆಣೆ ಇಳಿಯಿತು. ಸ್ಟೆಮ್ ಮಾತ್ರ ಅಲ್ಲಾಡಲಿಲ್ಲ.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಾನು ಶಿವಮೊಗ್ಗದ ಒಂದು ಅಂಗಡಿಗೆ ತೆಗೆದುಕೊಂಡು ಹೋದೆ. ಹೆಸರು ಬೇಡ, ಎಲ್ಲಿ ಹೋಗಿದ್ದರೂ ಬಹುಶಃ ಇದೇ ಮಾಡುತ್ತಿದ್ದರು.

ಅಂಗಡಿಯವನು ಮೊದಲು ಸ್ಟೆಮ್ ಕೂತಿದ್ದ ಜಾಗಕ್ಕೆ ಬೆಂಕಿ ಹಿಡಿದ. ಪೇಂಟು ಗುಳ್ಳೆ ಎದ್ದಿತು, ಸ್ಟೆಮ್ ಇನ್ನೂ ಬಿಗಿಯಾಯಿತು. ಯಾಕೆ ಅಂತ ಆಮೇಲೆ ತಿಳಿಯಿತು: ಸ್ಟೆಮ್ ಅಲ್ಯೂಮಿನಿಯಂ, ಹೊರಗಿನ ಪೈಪು ಉಕ್ಕು. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತದೆ. ಒಳಗಿರುವುದೇ ಜಾಸ್ತಿ ಹಿಗ್ಗಿದರೆ ಸಡಿಲ ಎಲ್ಲಿಂದ ಆಗಬೇಕು? ಇದಕ್ಕೆ ಬೇಕಿದ್ದುದು ಐಸು.

ಆಮೇಲೆ ಮುಂದಿನ ಚಕ್ರವನ್ನು ಎರಡು ಮಂಡಿಗಳ ಮಧ್ಯೆ ಅವುಚಿಕೊಂಡ. ಹ್ಯಾಂಡಲಿಗೆ ಕಬ್ಬಿಣದ ಪೈಪು ತೂರಿಸಿ ಒಂದೇ ಸಲ ಜಗ್ಗಿದ. ಹ್ಯಾಂಡಲ್ ತಿರುಗಿತು! ನಾನೂ ಖುಷಿಯಾಗಿ 'ಬಂತು ಬಂತು' ಅಂದೆ. ಬಂದಿರಲಿಲ್ಲ. ಮೇಲಿನಿಂದ ನೋಡಿದರೆ ಫೋರ್ಕಿನ ಒಂದು ಕಾಲು ಮುಂದೆ, ಇನ್ನೊಂದು ಹಿಂದೆ. 'ಬಗ್ಗಿಸಿ ನೆಟ್ಟಗೆ ಮಾಡಿಕೊಡ್ತೀನಿ ಬಿಡಿ' ಅಂದ. ನಮ್ಮೂರಿನ ಇಳಿಜಾರಿನಲ್ಲಿ ಮಗಳು ಓಡಿಸುವ ಸೈಕಲ್ಲಿಗೆ ಅಂಥಾ ಫೋರ್ಕು ನನಗೆ ಬೇಡವಾಗಿತ್ತು.

ಊರಿನ ಹಳೇ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಅವರು ಏನೂ ಮಾತಾಡದೆ ಹ್ಯಾಕ್ಸಾ ತಂದು, ಫೋರ್ಕನ್ನು ಫ್ರೇಮಿಗೆ ಹಿಡಿದಿರುವ ಮೇಲಿನ ನಟ್ಟಿಗಿಂತ ಒಂದು ಬೆರಳು ಮೇಲೆ ಸ್ಟೆಮ್ ಕುಯ್ದರು. ನಟ್ಟುಗಳನ್ನು ಬಿಚ್ಚಿದಾಗ ಫೋರ್ಕು ತಾನಾಗಿ ಕೆಳಗೆ ಬಂತು, ಸ್ಟೆಮ್ಮಿನ ತುಂಡು ಒಳಗಿದ್ದ ಹಾಗೇ. ಮೊದಲೇ ತಂದಿದ್ದರೆ ಸೈಕಲ್ ತಲೆಕೆಳಗು ಮಾಡಿ, ಫೋರ್ಕಿನ ಅಡಿಯ ತೂತಿನಿಂದ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಮೂರ್ನಾಲ್ಕು ದಿನ ಇಡುತ್ತಿದ್ದರಂತೆ. ಬಗ್ಗದಿದ್ದರೆ ಹೀಗೇ ಕುಯ್ದು, ಒಳಗಿನ ತುಂಡನ್ನು ಉದ್ದಕ್ಕೆ ಸೀಳಿ ತೆಗೆಯುವುದು. ಹೋದರೆ ಸ್ಟೆಮ್ ಹೋಗುತ್ತದೆ, ಅದು ಎಲ್ಲಾದರೂ ಸಿಗುತ್ತದೆ.

ಫೋರ್ಕು ಹೇಗೂ ಹಾಳಾಗಿತ್ತು. ಹಾಗಾಗಿ ಕುತೂಹಲಕ್ಕೆ ಬ್ಲೇಡಿಗೆ ಬಟ್ಟೆ ಸುತ್ತಿ ಹಿಡಿದು ಒಳಗಿನ ತುಂಡನ್ನು ನಾನೇ ಸೀಳಿದೆ. ಒಂದೂವರೆ ಗಂಟೆ ಹಿಡಿಯಿತು. ಕೆಂಪು ತುಕ್ಕು ಇರುತ್ತದೆ ಅಂದುಕೊಂಡಿದ್ದೆ, ಇದ್ದದ್ದು ಸುಣ್ಣದಂಥ ಬಿಳಿ ಹಿಟ್ಟು, ಗಾರೆ ಹಾಗೆ ಗಟ್ಟಿಯಾಗಿ ಕೂತಿತ್ತು. ಎರಡು ಬೇರೆ ಲೋಹ, ಮಧ್ಯೆ ನೀರು ಸೇರಿದರೆ ಬ್ಯಾಟರಿ ಸೆಲ್ಲಿನ ಹಾಗೆಯೇ. ಸವೆಯುವುದು ಅಲ್ಯೂಮಿನಿಯಂ, ಅದರ ಪುಡಿಗೆ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಗ್ರೀಸಿನ ಗುರುತು ಎಲ್ಲೂ ಇರಲಿಲ್ಲ. ಅದು ನನ್ನದೇ ತಪ್ಪು. ಬೋಲ್ಟಿನ ತಲೆ ಮುಚ್ಚುವ ಪುಟ್ಟ ರಬ್ಬರ್ ಮುಚ್ಚಳ ಯಾವತ್ತೋ ಬಿದ್ದುಹೋಗಿತ್ತು. ಸೂರಿನ ಹನಿ ನೇರ ಆ ಗುಳಿಗೆ ಬೀಳುತ್ತಿತ್ತು.

ಕಾಸ್ಟಿಕ್ ಸೋಡಾ ಸುರಿ, ಕರಗುತ್ತೆ ಅಂತ ಒಬ್ಬರು ಹೇಳಿದ್ದರು. ಅಲ್ಯೂಮಿನಿಯಂ ಕರಗುವುದೇನೋ ನಿಜ. ಆದರೆ ಕಣ್ಣು, ಚರ್ಮ ಸುಡುತ್ತದೆ, ಜೊತೆಗೆ ಬೆಂಕಿ ಹತ್ತುವ ಹೈಡ್ರೋಜನ್ ಬೇರೆ ಬರುತ್ತದೆ. ಮನೆಯಲ್ಲಿ ಬೇಡವೇ ಬೇಡ.

ಹೊಸ ಸ್ಟೆಮ್ ಅವತ್ತೇ ಸಿಕ್ಕಿತು. ಪೈಪಿನ ಮೇಲ್ತುದಿಯಲ್ಲಿ ನಟ್ಟು ಕೂರುವ ಥ್ರೆಡ್ ಇರುವ, ಪೈಪು ಇದೇ ಉದ್ದದ ಫೋರ್ಕು ಮಾತ್ರ ಇನ್ನೂ ಹುಡುಕುತ್ತಿದ್ದೇನೆ. ಒಂದು ಅಂಗಡಿಯಲ್ಲಿ ಗಿಡ್ಡ ಆಯಿತು, ಇನ್ನೊಂದರಲ್ಲಿ ಥ್ರೆಡ್ಡೇ ಇಲ್ಲದ ಹೊಸ ಮಾದರಿ. ಮಗಳು ಬಸ್ಸಿನಲ್ಲಿ ಹೋಗುತ್ತಿದ್ದಾಳೆ.